ಬೋರ್ಡ್ ಹೋಗಿದೆ ಅಂದರು, ಟೇಪ್ ಹಚ್ಚಿ ಕಾರ್ಡ್ ಓಡಿಸಿದೆ

ಹಳೆಯ ಆಫೀಸ್ ಕಂಪ್ಯೂಟರ್ ಡಬ್ಬಕ್ಕೆ ಗ್ರಾಫಿಕ್ಸ್ ಕಾರ್ಡ್ ಹಾಕಿದಾಗ ಅದು ಕಾಣಿಸದಿದ್ದರೆ ನಮ್ಮ ಶಿವಮೊಗ್ಗ ಕಡೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಬೋರ್ಡ್ ಹೋಗಿದೆ, ಬೇರೆ ತಗೊಳ್ಳಿ." ಹಾಗೆ ಹೇಳಿಸಿಕೊಂಡ ಒಂದು ಮಷಿನ್ ತೀರ್ಥಹಳ್ಳಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಈ ಸಲದ ಮದುವೆ ಸೀಸನ್ ಪೂರ್ತಿ ದುಡಿದಿದೆ. ಕಾರ್ಡ್ ಅದೇ, ಬೋರ್ಡ್ ಅದೇ, ಪ್ರೊಸೆಸರ್ ಅದೇ. ಸೆಲ್, ಪೇಸ್ಟ್ ಬಿಟ್ಟರೆ ಹೊಸದಾಗಿ ಸೇರಿದ್ದು ಬಿಸಿ ತಡೆಯುವ ಕಾಪ್ಟಾನ್ ಟೇಪ್ ಎರಡು ಬೆರಳಗಲದಷ್ಟು ಮಾತ್ರ. "ಟೇಪ್ ಹಚ್ಚಿದ್ರೆ ಕಂಪ್ಯೂಟರ್ ರಿಪೇರಿ ಆಗುತ್ತೇನೋ ಮಾರಾಯ?" ಎಂದು ದುರ್ಗಿಗುಡಿಯ ನನ್ನ ಗೆಳೆಯರು ಕೇಳಿದ್ದರು. ಆಗುತ್ತದೆ. ಹೇಗೆ ಅನ್ನುವುದನ್ನು ಬರೆಯುತ್ತೇನೆ.

ಮಷಿನ್ ಒಂದು ದೊಡ್ಡ ಕಂಪನಿಯದು. ಹೆಸರು ಬೇಡ. ಮೂರನೇ ಜನರೇಶನ್ ಐ5, ಕ್ಯೂ77 ಚಿಪ್‌ಸೆಟ್, ಕಂಪನಿಯದೇ ಎಸ್‌ಎಂಪಿಎಸ್ (ಒಳಗೆ ಪವರ್ ಕೊಡುವ ಪೆಟ್ಟಿಗೆ). ಕಚೇರಿಗಳಿಂದ ಹೊರಬಿದ್ದು ರಿಫರ್ಬಿಶ್ ಆಗಿ ಬರುವ ಮಾಲು ನಿಮಗೆಲ್ಲ ಗೊತ್ತಿರುವುದೇ. ಸ್ಟುಡಿಯೋದವರು ಅದಕ್ಕೆ ಎಂಟು ಸಾವಿರದ ಆಸುಪಾಸು ಕೊಟ್ಟಿದ್ದರು. ಮೇಲೆ ಆರು ಸಾವಿರದ ಹತ್ತಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ತಂದು ಹಾಕಿದ್ದರು. 2016ರ ಕಾರ್ಡ್, 75 ವ್ಯಾಟ್, ಸಿಕ್ಸ್ ಪಿನ್ ಪವರ್ ಕನೆಕ್ಟರ್ ಇಲ್ಲದ್ದು. ಇಂಥ ಡಬ್ಬಕ್ಕೆ ಒಳ್ಳೆಯ ಜೋಡಿ. ಒಂದು ವರ್ಷ ಚೆನ್ನಾಗಿಯೇ ಓಡಿತ್ತು. ಆಷಾಢ ಮುಗಿದು ಶ್ರಾವಣದಲ್ಲಿ ಆನ್ ಮಾಡಿದರೆ ಕಾರ್ಡ್ ಮಾಯ.

ನನ್ನ ಹತ್ತಿರ ಬರುವ ಮೊದಲೇ ಅವರ ಕೈಯಿಂದ ದುಡ್ಡು ಹೋಗಿತ್ತು. ಒಬ್ಬರು "ಪವರ್ ಸಾಲ್ತಿಲ್ಲ" ಎಂದು ದೊಡ್ಡ ಎಸ್‌ಎಂಪಿಎಸ್ ಹಾಕಿಸಿದ್ದರು. ಈ ಡಬ್ಬಗಳಲ್ಲಿ ಬೋರ್ಡ್‌ಗೆ ಹೋಗುವ ಕನೆಕ್ಟರ್ ಕಂಪನಿಯದೇ ಅಳತೆ ಅಲ್ವಾ? ಅದಕ್ಕೊಂದು 24 ಪಿನ್ ಕನ್ವರ್ಟರ್ ಕೇಬಲ್ ಬೇರೆ. ಎಲ್ಲ ಸೇರಿ ಎರಡೂವರೆ ಸಾವಿರಕ್ಕೂ ಜಾಸ್ತಿ. ಆದರೂ ಕಾರ್ಡ್ ಕಾಣಲಿಲ್ಲ. ಇನ್ನೊಬ್ಬರು ಬೋರ್ಡ್ ಬದಲಾಯಿಸಲು ಐದು ಸಾವಿರ ಹೇಳಿದ್ದರು. ಮತ್ತೊಬ್ಬರು ಹೀಟ್ ಗನ್ ಹಿಡಿಯೋಣ ಎಂದಿದ್ದರು. ಪುಣ್ಯಕ್ಕೆ ಸ್ಟುಡಿಯೋದವರು ಅದಕ್ಕೆ ಒಪ್ಪಲಿಲ್ಲ.

ಪವರ್ ಮಾತನ್ನು ನಾನು ಮೊದಲೇ ಪಕ್ಕಕ್ಕಿಟ್ಟೆ. ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲಿ 12 ವೋಲ್ಟ್ ಕಡೆಯದೇ 66 ವ್ಯಾಟ್. ಎಸ್‌ಎಂಪಿಎಸ್ ಸೋತಿದ್ದರೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿದಾಗ ಮಷಿನ್ ಬೀಳಬೇಕು. ಸುಮ್ನೆ ಕೂತಾಗ ಈ ಕಾರ್ಡ್ ಎಳೆಯುವುದು ತುಂಬ ಕಡಿಮೆ. ಆಗಲೂ ಕಾಣದಿದ್ದರೆ ಕಾರಣ ಬೇರೆ ಇದೆ. ಫ್ಯಾನ್ ತಿರುಗುತ್ತಿತ್ತು. ಹಾಗಂತ ಕಾರ್ಡ್‌ಗೆ ಜೀವ ಇದೆ ಎಂದು ನಂಬಿ ಕೂರಬೇಡಿ, ಫ್ಯಾನ್‌ಗೆ 12 ವೋಲ್ಟ್ ಸಿಕ್ಕಿದರೆ ಸಾಕು.

ಮಾಮೂಲಿ ಕೆಲಸಗಳನ್ನೆಲ್ಲ ಮುಗಿಸಿದೆ. ಕಾರ್ಡನ್ನು ನನ್ನ ಟೆಸ್ಟ್ ಬೋರ್ಡ್‌ಗೆ ಹಾಕಿದರೆ ಮೊದಲ ಸಲಕ್ಕೇ ಡಿಸ್‌ಪ್ಲೇ ಬಂತು. ಕಾರ್ಡ್‌ನ ಚಿನ್ನದ ಹಲ್ಲುಗಳನ್ನು ರಬ್ಬರ್‌ನಿಂದ ಉಜ್ಜಿ ಐಪಿಎ (ಒಂದು ಬಗೆಯ ಆಲ್ಕೋಹಾಲ್) ಹಾಕಿ ಒರೆಸಿದೆ. ಸ್ಲಾಟ್ ತೊಳೆದೆ. ಬೋರ್ಡ್ ಮೇಲಿನ ಸಿಆರ್2032 ಸೆಲ್ ಎರಡೂವರೆ ವೋಲ್ಟ್‌ಗೆ ಇಳಿದಿತ್ತು, ಹೊಸದು ಹಾಕಿದೆ. ಬಯೋಸ್‌ನಲ್ಲಿ ಪ್ರೈಮರಿ ಡಿಸ್‌ಪ್ಲೇ ಆಟೋ ಇದ್ದದ್ದನ್ನು ಪಿಇಜಿ, ಅಂದರೆ ಗ್ರಾಫಿಕ್ಸ್ ಸ್ಲಾಟ್, ಮಾಡಿದೆ. ಬಯೋಸನ್ನೂ ಕೊನೆಯ ವರ್ಶನ್‌ಗೆ ಏರಿಸಿದೆ. ಮಳೆಗಾಲದಲ್ಲಿ ಕರೆಂಟ್ ನಂಬಿ ಬಯೋಸ್ ಅಪ್‌ಡೇಟ್ ಮಾಡುವ ಹಾಗಿಲ್ಲ, ಯುಪಿಎಸ್ ಬ್ಯಾಟರಿ ಚೆಕ್ ಮಾಡಿಕೊಂಡೇ ಕೂತೆ. ಇಷ್ಟಕ್ಕೆ ಒಂದು ವಾರದ ಹತ್ತಿರ ಹೋಯಿತು. ಏನೂ ಬದಲಾಗಲಿಲ್ಲ.

ಒಂದು ವಿಷಯ ಮಾತ್ರ ಮೊದಲ ದಿನದಿಂದಲೂ ಕಣ್ಣಿಗೆ ಬೀಳುತ್ತಿತ್ತು. ಈ ಜಾತಿಯ ಡಬ್ಬಗಳು ಕಾರ್ಡ್ ಸಿಕ್ಕಿದ ಕೂಡಲೇ ಆನ್‌ಬೋರ್ಡ್ ಡಿಸ್‌ಪ್ಲೇ ಬಂದ್ ಮಾಡುತ್ತವೆ. ಇಲ್ಲಿ ಆನ್‌ಬೋರ್ಡ್ ಪೋರ್ಟ್ ಆರಾಮಾಗಿ ಓಡುತ್ತಿತ್ತು. ಅಂದರೆ ಕಾರ್ಡ್ ಸಿಕ್ಕಿ ಡ್ರೈವರ್ ಕೈಕೊಟ್ಟಿದ್ದಲ್ಲ, ಬೋರ್ಡ್‌ಗೆ ಕಾರ್ಡ್ ಇದೆ ಅನ್ನುವುದೇ ಗೊತ್ತಿಲ್ಲ. ಪೆನ್‌ಡ್ರೈವ್‌ನಿಂದ ಲಿನಕ್ಸ್ ಹಾಕಿ, ಬೋರ್ಡ್‌ಗೆ ಕಂಡ ಕಾರ್ಡ್‌ಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಕಮಾಂಡ್ ಕೊಟ್ಟೆ. ಕಾರ್ಡ್ ಬರಬೇಕಾದ 01:00.0 ಸಾಲೇ ಇಲ್ಲ. ವಿಂಡೋಸ್‌ನಲ್ಲಿ ಡ್ರೈವರ್ ಹಾಕಿ ತೆಗೆದು ಮಾಡುವವರು ದಯವಿಟ್ಟು ಇದನ್ನು ಮೊದಲು ನೋಡಿ. ಐದು ನಿಮಿಷದ ಕೆಲಸ.

ಎರಡನೇ ಉದ್ದ ಸ್ಲಾಟ್ ಇತ್ತು. ಅದು ಪ್ರೊಸೆಸರ್‌ನಿಂದಲ್ಲ, ಬೋರ್ಡ್‌ನ ಚಿಪ್‌ಸೆಟ್‌ನಿಂದ ಬರುವ ಎಕ್ಸ್4, ಅಂದರೆ ಡೇಟಾ ಓಡುವ ದಾರಿಗಳು (ಲೇನ್) ನಾಲ್ಕು. ಅಲ್ಲಿ ಹಾಕೋಣ ಎಂದರೆ ಕಾರ್ಡ್‌ನ ಫ್ಯಾನ್ ಎಸ್‌ಎಂಪಿಎಸ್‌ಗೆ ಬಡಿಯುತ್ತದೆ.

ಆಗ ನೆನಪಾಗಿದ್ದು ಮೂಲೆಯಲ್ಲಿ ಬಿದ್ದಿದ್ದ ರೈಸರ್, ಕಾರ್ಡನ್ನು ಹೊರಗಿಟ್ಟು ಕೇಬಲ್‌ನಿಂದ ಸ್ಲಾಟ್‌ಗೆ ಜೋಡಿಸುವ ಸಾಧನ. ಕ್ರಿಪ್ಟೋ ಮೈನಿಂಗ್ ಹುಚ್ಚು ಹಿಡಿದಿದ್ದ ಕಾಲದಲ್ಲಿ ಬಂತಲ್ಲ, ಯುಎಸ್‌ಬಿ ಕೇಬಲ್ ಇರುವ ಎಕ್ಸ್1 ರೈಸರ್, ಅದೇ. ಆಗ ನಾಲ್ಕುನೂರೋ ಐನೂರೋ ಕೊಟ್ಟಿದ್ದೆ. ಸಾಟಾ ಕನೆಕ್ಟರ್‌ನಿಂದ ಅದಕ್ಕೆ ಪವರ್ ಕೊಡಬೇಡಿ, ಆ ಪಿನ್‌ಗಳು 54 ವ್ಯಾಟ್‌ಗಿಂತ ಜಾಸ್ತಿ ತಡೆಯುವುದಿಲ್ಲ, ಕರಗುತ್ತವೆ. ಹೊರಗೊಂದು ಎಸ್‌ಎಂಪಿಎಸ್ ಇಟ್ಟು, ಮೋಲೆಕ್ಸ್‌ನಿಂದ ಕೊಟ್ಟೆ. ರೈಸರ್‌ನ ಆ ಪುಟ್ಟ ಚೀಟಿಯನ್ನು ಅದೇ ಸತ್ತ ಎಕ್ಸ್16 ಸ್ಲಾಟ್‌ಗೆ ಸಿಕ್ಕಿಸಿ ಆನ್ ಮಾಡಿದೆ. ಆನ್‌ಬೋರ್ಡ್ ಪೋರ್ಟ್ ಕಪ್ಪಾಯಿತು. ಕಾರ್ಡ್‌ನಿಂದ ಡಿಸ್‌ಪ್ಲೇ ಬಂತು!

ಇಲ್ಲಿಗೆ ಅರ್ಧ ಗೆದ್ದ ಹಾಗೆ. ರೈಸರ್ ಬಳಸುವುದು ಒಂದೇ ಲೇನ್. ಅದು ಓಡಿತು ಅಂದರೆ ಕ್ಲಾಕ್ ಸಿಗ್ನಲ್ ಇದೆ, ರೀಸೆಟ್ ಸಿಗ್ನಲ್ ಇದೆ, ಬಯೋಸ್‌ಗೂ ಈ ಕಾರ್ಡ್ ಒಗ್ಗುತ್ತದೆ, ಲೇನ್ ಸೊನ್ನೆ (ಮೊದಲನೆಯದು) ಗಟ್ಟಿಯಾಗಿದೆ. ಉಳಿದ ಹದಿನೈದರಲ್ಲಿ ಎಲ್ಲೋ ಕೊಳೆ ಇದೆ. ನೆಹರೂ ರಸ್ತೆಯಲ್ಲಿ ನನಗಿಂತ ಹಿರಿಯರೊಬ್ಬರಿದ್ದಾರೆ, ಈ ಲೈನಿನಲ್ಲಿ ನನಗೆ ಗುರುಗಳೇ. ಅವರು ಒಪ್ಪಲಿಲ್ಲ. "ಕೆಟ್ಟ ಲೇನ್ ಬಿಟ್ಟು ಅದು ತಾನೇ ಎಕ್ಸ್8ಗೋ ಎಕ್ಸ್4ಗೋ ಇಳಿಬೇಕಲ್ಲೋ. ಇಳೀಲಿಲ್ಲ ಅಂದ್ರೆ ಬೋರ್ಡೇ ಹೋಗಿದೆ." ಪುಸ್ತಕದ ಪ್ರಕಾರ ಅವರ ಮಾತು ಸರಿ. ಲೇನ್ ಪೂರ್ತಿ ಸತ್ತಿದ್ದರೆ ಹಾಗೇ ಇಳಿಯುತ್ತದೆ. ಅರ್ಧ ಜೀವ ಇದ್ದರೇ ಕಷ್ಟ. ಆ ಕಡೆ ಯಾರೋ ಇದ್ದಾರೆ ಎಂದು ಗೊತ್ತಾಗುತ್ತದೆ, ಮಾತು ಕೇಳಿಸುವುದಿಲ್ಲ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ನೆಟ್‌ವರ್ಕ್ ಇಲ್ಲದ ಘಾಟಿಯಲ್ಲಿ ಫೋನ್ ಹಿಡಿದು "ಹಲೋ, ಹಲೋ" ಅಂದ ಹಾಗೆ. ಅಂಥ ಲೇನ್‌ಗಳನ್ನು ನಾವೇ ಮುಚ್ಚಿಬಿಟ್ಟರೆ?

ಮುಚ್ಚಲು ಕಾಪ್ಟಾನ್ ಟೇಪೇ ಬೇಕು. ಸೆಲ್ಲೋ ಟೇಪ್ ಸ್ಲಾಟ್ ಒಳಗೆ ಸುಕ್ಕುಗಟ್ಟುತ್ತದೆ, ಬಿಸಿಗೆ ಅಂಟು ಬಿಡುತ್ತದೆ. ಕಾಪ್ಟಾನ್ ಒಂದು ರೋಲ್ ನೂರೈವತ್ತರ ಹತ್ತಿರ, ವರ್ಷಗಟ್ಟಲೆ ಬರುತ್ತದೆ. ಕಾರ್ಡ್‌ನ ಹಲ್ಲಿನ ಸಾಲಿನಲ್ಲಿ ಒಂದು ಕಚ್ಚು ಇದೆಯಲ್ಲ, ಅದರಿಂದ ಉದ್ದದ ಕಡೆಗೆ ಎಣಿಸಿ. 7 ಹಲ್ಲು ಬಿಟ್ಟು ಉಳಿದದ್ದು ಮುಚ್ಚಿದರೆ ಎಕ್ಸ್1. 21 ಬಿಟ್ಟರೆ ಎಕ್ಸ್4. 38 ಬಿಟ್ಟರೆ ಎಕ್ಸ್8. ಎರಡೂ ಬದಿ ಮುಚ್ಚಬೇಕು. ಒಂದೇ ಬದಿ ಮುಚ್ಚಿದರೆ ಮತ್ತೆ ಅದೇ ಅರ್ಧ ಜೀವದ ಕಥೆ. ಕಚ್ಚಿನ ಈಚೆಯ ಗಿಡ್ಡ ಭಾಗ ಮುಟ್ಟಬೇಡಿ, ಪವರ್ ಅಲ್ಲಿದೆ. ಸ್ಲಾಟ್‌ಗೆ ಒತ್ತುವಾಗ ಟೇಪ್ ತುದಿ ಏಳದ ಹಾಗೆ ಅಂಟಿಸಲು ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಎಕ್ಸ್4ಗೆ ಮುಚ್ಚಿದೆ. ಬಂತು. ಎಕ್ಸ್8ಗೆ ಮುಚ್ಚಿದೆ. ಬಂತು. ಟೇಪ್ ಕಿತ್ತರೆ ಮತ್ತೆ ಮಾಯ. ಹಿರಿಯರನ್ನು ಕರೆದು ಮುಂದೆಯೇ ಹಾಕಿ ತೆಗೆದು ತೋರಿಸಿದೆ. ಅವರು ಏನೂ ಹೇಳಲಿಲ್ಲ, ರೋಲ್‌ನಿಂದ ಒಂದಷ್ಟು ಟೇಪ್ ಹರಿದುಕೊಂಡು ಹೋದರು. ನನಗೆ ಅಷ್ಟೇ ಸಾಕಿತ್ತು.

ಹಾಗಾದರೆ ಕೊಳೆ ಎಲ್ಲಿ? ಸ್ಲಾಟ್ ತೊಳೆದಾಗಿತ್ತು. ಈ ಜನರೇಶನ್‌ನಲ್ಲಿ ಆ ಹದಿನಾರು ಲೇನ್ ನೇರ ಪ್ರೊಸೆಸರ್‌ನಿಂದಲೇ ಬರುತ್ತವೆ, ಚಿಪ್‌ಸೆಟ್ ನಡುವೆ ಇಲ್ಲ. ಅಂದರೆ ಸಾಕೆಟ್ ನೋಡಲೇಬೇಕು. ಕೂಲರ್ ಬಿಚ್ಚಿದೆ. ಥರ್ಮಲ್ ಪೇಸ್ಟ್ ಒಣಗಿ ಸುಣ್ಣ ಆಗಿತ್ತು. ಪ್ರೊಸೆಸರ್ ಎತ್ತಿ ನೋಡಿದರೆ ಬರಿಗಣ್ಣಿಗೆ ಎಲ್ಲ ಪಳಪಳ. ಸ್ಟುಡಿಯೋದವರು ಪಕ್ಕದಲ್ಲೇ ಇದ್ದರು. "ಅಣ್ಣಾ, ಒಂದ್ನಿಮಿಷ ತಡೀರಿ" ಎಂದು ಬ್ಯಾಗಿನಿಂದ ಮ್ಯಾಕ್ರೋ ಲೆನ್ಸ್ ತೆಗೆದರು. ಮದುವೆಯಲ್ಲಿ ಉಂಗುರದ ಫೋಟೋ ತೆಗೆಯುವ ಲೆನ್ಸ್. ಟ್ರೈಪಾಡ್ ಹಾಕಿ, ಬದಿಯಿಂದ ಬೆಳಕು ಬಿಟ್ಟು, ಸಾಕೆಟ್‌ನ ನಾಲ್ಕೂ ಮೂಲೆ ತೆಗೆದರು. ಮಾನಿಟರ್‌ನಲ್ಲಿ ದೊಡ್ಡದು ಮಾಡಿದರೆ, ಒಂದು ಅಂಚಿನಲ್ಲಿ ಏಳೆಂಟು ಪಿನ್‌ಗಳ ಮೊಣಕಾಲಿನ ಹತ್ತಿರ ಪಾಚಿಯ ಬಣ್ಣ. ಒಂದೆರಡರ ತುದಿಯಲ್ಲಿ ಚಿನ್ನ ಮಾಸಿ ಕಂದು. ಅಷ್ಟು ಸ್ಪಷ್ಟವಾಗಿ ಸಾಕೆಟ್ ಪಿನ್ ನಾನು ಅದುವರೆಗೆ ಕಂಡಿರಲಿಲ್ಲ. ಪಕ್ಕದಲ್ಲಿ ಸ್ಟುಡಿಯೋದವರು ಇದ್ದರೆ ನನ್ನ ಭೂತಕನ್ನಡಿ ಬೇಡ.

ಕಾರಣವೂ ಆಗಲೇ ಹೊಳೆಯಿತು. ಆಷಾಢದಲ್ಲಿ ಮದುವೆ ಇಲ್ಲ. ಹಾಗಾಗಿ ಜುಲೈ ಆಸುಪಾಸಿನಲ್ಲಿ, ತೀರ್ಥಹಳ್ಳಿಯಲ್ಲಿ ಗೋಡೆಯೇ ಬೆವರುವ ಹೊತ್ತಿಗೆ, ಈ ಮಷಿನ್ ಆಫ್ ಆಗಿ ತಣ್ಣಗೆ ಕೂತಿರುತ್ತದೆ. ದಿನಾ ಓಡುವ ಮಷಿನ್ ತನ್ನ ಬಿಸಿಗೇ ಒಣಗಿರುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಬರುವ ಡಿಟೆಕ್ಟ್ ಸಮಸ್ಯೆಯಲ್ಲಿ ಜಾಸ್ತಿ ಪಾಲು ಇಂಥ ಕೂತ ಮಷಿನ್‌ಗಳದ್ದೇ.

ಐಪಿಎ, ಮೆತ್ತನೆಯ ಬ್ರಷ್, ಪಿನ್ ಬಾಗಿರುವ ದಿಕ್ಕಿಗೇ ಎಳೆಯುವುದು. ಎದುರು ದಿಕ್ಕಿಗೆ ಎಳೆದರೆ ಆ ಬೋರ್ಡ್ ನಿಜವಾಗಿ ಹೋಗುತ್ತದೆ. ಹಠ ಹಿಡಿದ ಪಿನ್‌ಗೆ ಇನ್ನೊಂದು ಉಪಾಯ ಇದೆ, ಎದುರಿಗೆ ಬಂದರೆ ತೋರಿಸಬಲ್ಲೆ, ಬರೆದು ಹೇಳಿದರೆ ಯಾರದ್ದೋ ಸಾಕೆಟ್ ಹಾಳಾಗುತ್ತದೆ. ತೊಳೆದು ಒಣಗಿಸಿ ಟೇಪ್ ಇಲ್ಲದೆ ಹಾಕಿದೆ. ಎಕ್ಸ್16 ಬಂತು! ಎರಡು ದಿನ ಓಡಿತು. ಜೋರು ಮಳೆ ಬಂದ ಒಂದು ಬೆಳಿಗ್ಗೆ ಮತ್ತೆ ಮಾಯ. ಚಿನ್ನ ಹೋದ ಪಿನ್‌ಗೆ ಚಿನ್ನ ವಾಪಸ್ ಬರುವುದಿಲ್ಲವಲ್ಲ. ಅದಕ್ಕೇ ಎಕ್ಸ್8 ಟೇಪ್ ಹಾಕಿಯೇ ಕಳಿಸಿದೆ.

ವೇಗ ಕಡಿಮೆ ಆಗುವುದಿಲ್ವಾ ಎಂದು ಕೇಳುವವರಿಗೆ: ಸ್ಲಾಟ್‌ನ (ಪಿಸಿಐ ಎಕ್ಸ್‌ಪ್ರೆಸ್) ಜನರೇಶನ್ 3ರ ಎಕ್ಸ್8 ಅಂದರೆ ಸೆಕೆಂಡಿಗೆ ಸುಮಾರು 8 ಜಿಬಿ, ಜನರೇಶನ್ 2ರ ಎಕ್ಸ್16ಗೆ ಸಮ. 1050 ಟಿಐಗೆ ಅದು ಧಾರಾಳ. ಅರ್ಧ ಗಂಟೆಯ ಮದುವೆ ವಿಡಿಯೋ ಕಾರ್ಡ್ ಇಲ್ಲದೆ ಒಂದೂವರೆ ಗಂಟೆ ತಿನ್ನುತ್ತಿತ್ತು. ಕಾರ್ಡ್ ಎಕ್ಸ್16ನಲ್ಲಿದ್ದ ಆ ಎರಡು ದಿನ ಇಪ್ಪತ್ತೈದು ನಿಮಿಷದ ಆಸುಪಾಸು. ಎಕ್ಸ್8ನಲ್ಲೂ ಅಷ್ಟೇ.

ಒಟ್ಟು ಸಾಮಾನಿನ ಖರ್ಚು ಇನ್ನೂರೈವತ್ತರ ಒಳಗೆ, ಸೆಲ್ ಮತ್ತು ಪೇಸ್ಟ್ ಸೇರಿ. ನಾನು ತಗೊಂಡಿದ್ದು ಸಾವಿರದ ಇನ್ನೂರು. ಹಳೆಯ ಎಸ್‌ಎಂಪಿಎಸ್ಸನ್ನೇ ವಾಪಸ್ ಕೂರಿಸಿದೆ, ಹೊಸದನ್ನು ನನ್ನ ಹತ್ತಿರ ಬಂದ ಬೇರೆ ಗಿರಾಕಿಗೆ ಮಾರಿಸಿ ಅವರಿಗೆ ಸಾವಿರದೈನೂರು ಕೊಡಿಸಿದೆ.

ಇದರ ಜೊತೆಗೆ ಒಂದು ಪ್ರಯೋಗ ನಡೆಯುತ್ತಿದೆ. ಸ್ಟುಡಿಯೋದವರು ಲೆನ್ಸ್‌ಗೆ ಬೂಷ್ಟು ಹಿಡಿಯಬಾರದು ಎಂದು ಬೀರುವಿನಲ್ಲಿ ಝೀರೋ ಬಲ್ಬ್ ಉರಿಸುತ್ತಾರೆ. ನಾನೂ ಅಂಗಡಿಯಲ್ಲಿ ಹಳೆಯ ಕಾರ್ಡ್, ಬೋರ್ಡ್‌ಗಳನ್ನು ಒಂದು ಮರದ ಪೆಟ್ಟಿಗೆಗೆ ಹಾಕಿ ಬಲ್ಬ್ ಇಟ್ಟೆ. ಇನ್ನೊಂದು ಪೆಟ್ಟಿಗೆಗೆ ಬರೀ ಸಿಲಿಕಾ ಜೆಲ್. ಒಂದು ಮಳೆಗಾಲ ಕಳೆದಾಗ ಬಲ್ಬ್ ಪೆಟ್ಟಿಗೆಯ ಹಲ್ಲುಗಳು ಹೊಸದರ ಹಾಗಿದ್ದವು. ಜೆಲ್ ಕೆಲವೇ ದಿನದಲ್ಲಿ ನೀರು ಕುಡಿದು ಸುಮ್ಮನಾಗಿತ್ತು. ಎಲ್‌ಇಡಿ ಬಲ್ಬ್ ಹಾಕಬೇಡಿ, ಬಿಸಿ ಸಾಲುವುದಿಲ್ಲ. ಹಳೆಯ ತಂತಿ ಬಲ್ಬೇ ಆಗಬೇಕು.

ಆಮೇಲೆ ಸಾಗರದಿಂದ ಬಂದ ಒಂದು ಡಬ್ಬವೂ ಇದೇ ದಾರಿಯಲ್ಲಿ ಎಕ್ಸ್4ಗೆ ಎದ್ದು ಕೂತಿತು. ಕೊಪ್ಪದ ಒಂದು ಮಾತ್ರ ಏಳಲಿಲ್ಲ. ಏಪ್ರಿಲ್ ಸಿಡಿಲಿಗೆ ಸಿಕ್ಕಿದ್ದು. ರೈಸರ್‌ನಲ್ಲೂ ಕಾಣಲಿಲ್ಲ, ಅಂದರೆ ಲೇನ್ ಸೊನ್ನೆಯೋ ಕ್ಲಾಕೋ ರೀಸೆಟ್ಟೋ ಹೋಗಿತ್ತು, ಅಲ್ಲಿ ಟೇಪ್ ನಡೆಯುವುದಿಲ್ಲ. ಅದರ ಚಿಪ್‌ಸೆಟ್ ಸ್ಲಾಟ್ ಮುಂದೆ ಜಾಗ ಇತ್ತು, ಕಾರ್ಡನ್ನು ಅಲ್ಲಿಗೆ ಕೂರಿಸಿದೆ. ಜನರೇಶನ್ 2ರ ಎಕ್ಸ್4, ಸೆಕೆಂಡಿಗೆ 2 ಜಿಬಿ. ಟೈಮ್‌ಲೈನ್ ಎಳೆಯುವಾಗ ಸ್ವಲ್ಪ ತಡವರಿಸುತ್ತದೆ. ಎಕ್ಸ್‌ಪೋರ್ಟ್‌ಗೆ ಏನೂ ತೊಂದರೆ ಇಲ್ಲ.