ದೂರದ ಸೈಕಲ್ ಪ್ರವಾಸಕ್ಕೆ ಬಾಳಿಕೆ ಬರುವ ಚೈನ್, ಗೇರ್ ಆರಿಸುವುದು ಹೇಗೆ?

ಸಾವಿರಾರು ಕಿಲೋಮೀಟರಿನ ಪ್ರವಾಸಕ್ಕೆ ಸೈಕಲ್ ಸಜ್ಜುಗೊಳಿಸುವಾಗ ಬಿಡಿಭಾಗದ ಬೆಲೆ, ತೂಕ ಎರಡನ್ನೂ ಪಕ್ಕಕ್ಕಿಡಿ. ಅದನ್ನು ಯಾವ ಲೋಹದಿಂದ ಮಾಡಿದ್ದಾರೆ, ದಾರಿಯಲ್ಲಿ ಕೆಟ್ಟರೆ ಅದರ ಬದಲಿ ಸುಲಭವಾಗಿ ಸಿಗುತ್ತದೆಯೇ ಎಂಬುದಷ್ಟೇ ಮುಖ್ಯ.

ಗೇರಿನ ಲೆಕ್ಕದಿಂದ ಶುರು ಮಾಡಿ. ಸಾಮಾನು ಹೇರಿದ ಸೈಕಲ್ಲಿಗೆ ಮುಂದೆ 44-32-22 ಹಲ್ಲುಗಳ ಮೂರು ಚೈನ್‌ರಿಂಗ್ (ಪೆಡಲ್ ಬಳಿಯ ಹಲ್ಲುಚಕ್ರ), ಹಿಂದೆ 11ರಿಂದ 34 ಹಲ್ಲಿನವರೆಗಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಚೆನ್ನಾಗಿ ಹೊಂದುತ್ತದೆ. ಮುಂದೆ 22, ಹಿಂದೆ 34 ಹಲ್ಲಿನ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಚಕ್ರ ಮುಕ್ಕಾಲು ಸುತ್ತೂ ತಿರುಗುವುದಿಲ್ಲ. ಕಡಿದಾದ ಏರಿಗೆ ಇದು ಬೇಕೇ ಬೇಕು. ಸಮತಟ್ಟು ರಸ್ತೆಯಲ್ಲಿ ನಡುವಿನ ರಿಂಗಿಗೆ ಹಿಂದಿನ ನಡುವಿನ ಹಲ್ಲುಚಕ್ರಗಳು ಸಾಕಾಗುವುದರಿಂದ ಚೈನ್ ಹೆಚ್ಚು ಹೊತ್ತು ನೇರವಾಗಿ ಓಡುತ್ತದೆ. ಓರೆಯಾಗಿ ಓಡುವ ಚೈನ್ ಬೇಗ ಸವೆಯುತ್ತದೆ. 11 ಹಲ್ಲಿನ ಚಕ್ರದ ಮೇಲೆ ದಿನವಿಡೀ ತುಳಿದರೂ ಅಷ್ಟೇ, ಇರುವ ಕೆಲವೇ ಹಲ್ಲುಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ.

ಹಿಂದೆ ಎಷ್ಟು ಗೇರ್ ಇರಬೇಕು? 8 ಅಥವಾ 9 ಸಾಕು. ಹೆಚ್ಚು ಗೇರಿನ ಕ್ಯಾಸೆಟ್‌ಗಳಲ್ಲಿ ಹಲ್ಲುಚಕ್ರಗಳ ನಡುವಿನ ಅಂತರ ಕಿರಿದು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ತೂಗುವ ಹ್ಯಾಂಗರ್ ಸ್ವಲ್ಪ ಬಾಗಿದರೂ ಅವುಗಳಲ್ಲಿ ಗೇರ್ ಸರಿಯಾಗಿ ಬೀಳುವುದಿಲ್ಲ.

ಇನ್ನು ಲೋಹ. ಚಿಕ್ಕ ಮತ್ತು ನಡುವಿನ ಚೈನ್‌ರಿಂಗ್ ಉಕ್ಕಿನದಾಗಿರಲಿ. ಅಲ್ಯೂಮಿನಿಯಂ ದೊಡ್ಡ ರಿಂಗಿಗೆ ಮಾತ್ರ ಸಾಕು. ಕ್ಯಾಸೆಟ್ ಕೂರುವ ಫ್ರೀಹಬ್ ಕೂಡ ಉಕ್ಕಿನದೇ ಒಳ್ಳೆಯದು. ಅಲ್ಯೂಮಿನಿಯಂ ಫ್ರೀಹಬ್ಬಿನಲ್ಲಿ ಬಿಡಿ ಹಲ್ಲುಚಕ್ರಗಳು ಕಚ್ಚಿ ಕೂತುಬಿಡುತ್ತವೆ, ಆಮೇಲೆ ಬಿಚ್ಚಲು ಹರಸಾಹಸ ಬೇಕು. ತಿರುಚಿ ಕೂರಿಸುವ ಹಳೆಯ ಮಾದರಿಯ ಬಹು-ಗೇರ್ ಫ್ರೀವೀಲ್ ಬೇಡ. ಅದರಲ್ಲಿ ಬಲಗಡೆಯ ಬೇರಿಂಗ್ ಒಳಕ್ಕೆ ಸರಿದಿರುತ್ತದೆ, ಆಸರೆಯಿಲ್ಲದ ಆಕ್ಸಲ್ ಭಾರಕ್ಕೆ ಬಾಗುತ್ತದೆ, ಮುರಿಯುವುದೂ ಉಂಟು.

ಪೆಡಲಿನ ನಡುವೆ ಚೌಕ ತುದಿಯ ಆಕ್ಸಲ್ ಇರುವ, ಸೀಲ್ ಮಾಡಿದ ಕಾರ್ಟ್ರಿಜ್ ಬಾಟಮ್ ಬ್ರ್ಯಾಕೆಟ್ (ಆ ಆಕ್ಸಲ್ ತಿರುಗುವ ಬೇರಿಂಗ್ ಜೋಡಣೆ) ಹಾಕಿಸಿ. ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಬೋಲ್ಟನ್ನು, ಬಿಗಿತ ಅಳೆಯುವ ಟಾರ್ಕ್ ಸ್ಪಾನರಿನಿಂದ 35ರಿಂದ 45 ನ್ಯೂಟನ್ ಮೀಟರ್‌ವರೆಗೆ ಬಿಗಿಯಬೇಕು. ಸಡಿಲವಾದ ಕ್ರ್ಯಾಂಕನ್ನು ತುಳಿಯುತ್ತಲೇ ಹೋದರೆ ಅದರ ಚೌಕ ತೂತು ಸವೆದು ಹಿಗ್ಗುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು.

ಹಿಂದಿನ ಡಿರೇಲರ್ ಉದ್ದ ಕೇಜಿನದಾಗಿರಲಿ (ಕೇಜ್ ಅಂದರೆ ಚೈನಿನ ಸಡಿಲವನ್ನು ಎಳೆದು ಹಿಡಿಯುವ ಅದರ ಕೆಳಗಿನ ತೋಳು). ಮುಂದಿನ ವ್ಯತ್ಯಾಸ 22, ಹಿಂದಿನದು 23, ಒಟ್ಟು 45 ಹಲ್ಲು; ಅಷ್ಟನ್ನೂ ಅದು ಸಂಭಾಳಿಸಬೇಕು. ಚೈನ್ ಅಳೆಯುವ ಕ್ರಮ ಹೀಗೆ: ಡಿರೇಲರ್ ಮೂಲಕ ಹಾಯಿಸದೆ, ಅತಿ ದೊಡ್ಡ ರಿಂಗ್ ಮತ್ತು ಅತಿ ದೊಡ್ಡ ಹಲ್ಲುಚಕ್ರಕ್ಕೆ ಸುತ್ತಿ, ತುದಿಗಳು ಕೂಡುವ ಜಾಗದಿಂದ ಇನ್ನೊಂದು ಇಂಚು ಹೆಚ್ಚಿಟ್ಟು ಕತ್ತರಿಸಿ. ಚೈನ್ ಗಿಡ್ಡವಾಗಿದ್ದು ಆಕಸ್ಮಿಕವಾಗಿ ದೊಡ್ಡ-ದೊಡ್ಡ ಗೇರಿಗೆ ಬಿದ್ದರೆ ಡಿರೇಲರ್ ಕಿತ್ತುಬರಬಹುದು.

ಇಡೀ ವ್ಯವಸ್ಥೆಯ ಆಯಸ್ಸು ಚೈನ್ ಬದಲಿಸುವ ಸಮಯದ ಮೇಲೆ ನಿಂತಿದೆ. ಚೈನ್ 'ಹಿಗ್ಗಿದೆ' ಅನ್ನುತ್ತೇವಲ್ಲ, ನಿಜಕ್ಕೂ ಪಟ್ಟಿಗಳು ಹಿಗ್ಗಿರುವುದಿಲ್ಲ, ಪಿನ್ನುಗಳು ಕೂರುವ ಜಾಗ ಸವೆದಿರುತ್ತದೆ. ಸ್ಕೇಲ್ ಹಿಡಿದು 24 ಕೊಂಡಿಗಳನ್ನು ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಅಳೆಯಿರಿ. ಹೊಸದರಲ್ಲಿ 304.8 ಮಿ.ಮೀ. ಇರುತ್ತದೆ. 306.5 ದಾಟುತ್ತಲೇ ಬದಲಿಸಿ. ಇನ್ನೂ ಸ್ವಲ್ಪ ದಿನ ಓಡಲಿ ಎಂದು ಬಿಟ್ಟರೆ ಸವೆದ ಚೈನ್ ಕ್ಯಾಸೆಟ್ಟಿನ ಹಲ್ಲುಗಳನ್ನೂ ತಿನ್ನುತ್ತದೆ. ಆಗ ಹೊಸ ಚೈನ್ ಹಾಕಿದರೂ ಹಲ್ಲಿನ ಮೇಲೆ ಜಿಗಿಯುತ್ತದೆ, ಅದೂ ಏರಿನಲ್ಲಿ ಬಲ ಹಾಕಿ ತುಳಿಯುವಾಗಲೇ.

ಚೀಲದಲ್ಲಿ ಒಂದು ಹೊಸ ಚೈನ್, ಅದೇ ಅಗಲದ ಎರಡು ಕ್ವಿಕ್ ಲಿಂಕ್ (ಚೈನಿನ ತುದಿಗಳನ್ನು ಸುಲಭವಾಗಿ ಜೋಡಿಸುವ ಕೊಂಡಿ), ಚೈನ್ ಕಟರ್, ಗೇರ್ ಕೇಬಲ್, ನಿಮ್ಮ ಫ್ರೇಮಿಗೇ ಹೊಂದುವ ಹ್ಯಾಂಗರ್ ಇರಲಿ. ಹ್ಯಾಂಗರಿನ ಆಕಾರ ಫ್ರೇಮಿನಿಂದ ಫ್ರೇಮಿಗೆ ಬೇರೆ. ದಾರಿಯಲ್ಲಿ ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ಎಲ್ಲ ಜೋಡಿಸಿದ ಮೇಲೆ ಪೂರ್ತಿ ಸಾಮಾನು ಹೇರಿ 200 ಕಿ.ಮೀ. ಓಡಿಸಿ, ಬಂದು ಕ್ರ್ಯಾಂಕ್ ಮತ್ತು ಚೈನ್‌ರಿಂಗ್ ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸಿ.