ಮಲೇರಿಯಾ ಇನ್‌ಹಿಬಿಟರ್: ಡಾಕಿಂಗ್ ಆಮೇಲೆ, ಮೊದಲು ಕಿಣ್ವ ನೋಡಿ

ಪ್ರಾಜೆಕ್ಟ್‌ಗೆಂದು ಬರುವ ಎಂಎಸ್ಸಿ ಮಕ್ಕಳು ಮೊದಲು ತೋರಿಸುವುದು ಡಾಕಿಂಗ್ ಸ್ಕೋರ್, ಅಂದರೆ ಕಿಣ್ವ ತಡೆಯುವ ಅಣು (ಇನ್‌ಹಿಬಿಟರ್) ಕಿಣ್ವದಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಕಂಪ್ಯೂಟರ್ ಕೊಡುವ ಅಂಕ. ನಾನು ಕೇಳುವುದೇ ಬೇರೆ. ಈ ಕಿಣ್ವ ನಿಂತರೆ ಮಲೇರಿಯಾ ಪರಾವಲಂಬಿ ಸಾಯುತ್ತದಾ? ಯಾವ ಹಂತದಲ್ಲಿ?

ಸುಮ್ನೆ ಕೇಳುವ ಪ್ರಶ್ನೆಯಲ್ಲ ಇದು. ಬ್ಯಾಕ್ಟೀರಿಯಾ ಕೊಲ್ಲುವ ಟ್ರೈಕ್ಲೋಸಾನ್ ಎಂಬ ರಾಸಾಯನಿಕ ಈ ಪರಾವಲಂಬಿಯನ್ನು ಕೊಲ್ಲುತ್ತದೆ ಎಂದು 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಮಿತಾ ಸುರೋಲಿಯಾ, ಅವಧೇಶ ಸುರೋಲಿಯಾ ತೋರಿಸಿದರು. ಕೊಬ್ಬಿನಾಮ್ಲ ತಯಾರಿಸುವ ಫ್ಯಾಬ್‌ಐ ಕಿಣ್ವವೇ ಅದರ ಗುರಿ ಎಂಬ ವಾದ ಆಸೆ ಹುಟ್ಟಿಸಿತು. ಆಮೇಲೆ ಬೇರೆ ಲ್ಯಾಬ್‌ಗಳು ಆ ಜೀನನ್ನೇ ತೆಗೆದು ನೋಡಿದವು. ರಕ್ತದಲ್ಲಿ ಪರಾವಲಂಬಿ ಆರಾಮಾಗಿ ಬೆಳೆಯಿತು! ಹಾಗಾಗಿ ಜೀನ್ ತೆಗೆದು ನೋಡಿದ ವರದಿ ಓದದೆ ಮುಂದೆ ಹೋಗಬೇಡಿ.

ಒಳ್ಳೆಯ ಮಾದರಿ ಬೇಕಾ? ಡಿಎಚ್‌ಒಡಿಎಚ್ (ಡೈಹೈಡ್ರೋಓರೊಟೇಟ್ ಡಿಹೈಡ್ರೋಜಿನೇಸ್) ನೋಡಿ. ಡಿಎನ್‌ಎಗೆ ಬೇಕಾದ ಪಿರಿಮಿಡಿನ್ ತಯಾರಿಸುವ ದಾರಿಯಲ್ಲಿ ಬರುವ ಕಿಣ್ವ ಇದು. ನಮ್ಮ ಜೀವಕೋಶಗಳು ಹಳೆಯ ಪಿರಿಮಿಡಿನ್ ಮರಳಿ ಬಳಸಬಲ್ಲವು. ಪರಾವಲಂಬಿಗೆ ಆ ದಾರಿಯಿಲ್ಲ. ಇನ್‌ಹಿಬಿಟರ್ ಕೂರುವ ಜಾಗವೂ ಎರಡರಲ್ಲಿ ಬೇರೆ ಬೇರೆ.

ಪ್ರೋಟೀನ್ ರಚನೆಗಳ ಭಂಡಾರವಾದ ಪಿಡಿಬಿಯಲ್ಲಿ ಮನುಷ್ಯರ ಕಿಣ್ವದ ರಚನೆಯ ಸಂಕೇತ 1ಡಿ3ಜಿ, ಪರಾವಲಂಬಿಯದ್ದು 4ಆರ್‌ಎಕ್ಸ್0. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿ. ಒಂದೇ ರಚನೆ ನಂಬಿ ಡಾಕಿಂಗ್ ಮಾಡಿದರೆ ಮೋಸ ಹೋಗುತ್ತೀರಿ. ಪರಾವಲಂಬಿಯ ಕಿಣ್ವದಲ್ಲಿ 188ನೇ ಅಮೈನೋ ಆಮ್ಲ ಫಿನೈಲ್‌ಅಲನಿನ್ ತಿರುಗಿಕೊಳ್ಳುತ್ತದೆ, ಇನ್‌ಹಿಬಿಟರ್ ಕೂರುವ ಪಾಕೆಟ್‌ನ ಆಕಾರವೇ ಬದಲಾಗುತ್ತದೆ.

ಪರೀಕ್ಷೆ ಸುಲಭ. ಡಿಸಿಐಪಿ ಎಂಬ ನೀಲಿ ಬಣ್ಣ ಎಷ್ಟು ಬೇಗ ಮಾಸುತ್ತದೆ ಅಂತ 600 ನ್ಯಾನೋಮೀಟರ್‌ನಲ್ಲಿ ಅಳೆಯಿರಿ. ಅದೇ ದಿನ ಮನುಷ್ಯರ ಕಿಣ್ವಕ್ಕೂ ಮಾಡಿ. ಎರಡು ಐಸಿ50ಗಳ (ಕಿಣ್ವದ ಕೆಲಸವನ್ನು ಅರ್ಧಕ್ಕೆ ಇಳಿಸುವ ಅಣುವಿನ ಪ್ರಮಾಣ) ಅನುಪಾತವೇ ನಿಮ್ಮ ಸೆಲೆಕ್ಟಿವಿಟಿ. ಈ ಕಿಣ್ವವನ್ನು ತಡೆಯುವ ಡಿಎಸ್‌ಎಂ1 ಅಣುವಿಗೆ ಇದು ಸಾವಿರಾರು ಪಟ್ಟು ಇತ್ತು. ಇಲಿಯ ಕಿಣ್ವವನ್ನೂ ಬಿಡಬೇಡಿ, ವಿಷ ಪರೀಕ್ಷೆ ನಡೆಯುವುದು ಇಲಿಗಳಲ್ಲೇ ಅಲ್ವಾ?

ನನಗೆ ತುಂಬಾ ಇಷ್ಟದ ಪರೀಕ್ಷೆ ಇನ್ನೊಂದಿದೆ. ಯೀಸ್ಟ್‌ನ ಕಿಣ್ವ ಬೇರೆ ಬಗೆಯದು, ಇಂಥ ಅಣುಗಳಿಗೆ ನಿಲ್ಲುವುದಿಲ್ಲ. ಯೀಸ್ಟ್‌ನ ಡಿಎಚ್‌ಒಡಿಎಚ್ ಜೀನ್ ಸೇರಿಸಿದ ಪರಾವಲಂಬಿಗೂ, ಸಾಮಾನ್ಯ ಪರಾವಲಂಬಿಗೂ ನಿಮ್ಮ ಅಣು ಕೊಡಿ. ಸಾಮಾನ್ಯದ್ದು ಸತ್ತು ಯೀಸ್ಟ್ ಜೀನ್ ಇರುವುದು ಬದುಕಿದರೆ ಅಣು ಗುರಿಯ ದಾರಿಯಲ್ಲೇ ಇದೆ. ಆದರೆ ಅಟೊವಾಕೋನ್ ಎಂಬ ಮಲೇರಿಯಾ ಔಷಧದ ನೇರ ಗುರಿ ಬೇರೆಯಾದರೂ ಅದೂ ಹೀಗೇ ವರ್ತಿಸುತ್ತದೆ, ಅದಕ್ಕೇ ಕಿಣ್ವದ ಪರೀಕ್ಷೆ ಜೊತೆಗಿರಲಿ. ಎರಡೂ ಸತ್ತರೆ ಅಣು ಬೇರೆಲ್ಲೋ ಹೊಡೆಯುತ್ತಿದೆ, ಸ್ಕೋರ್ ಎಷ್ಟೇ ಚೆನ್ನಾಗಿರಲಿ.

ಡಿಎಸ್‌ಎಂ1 ಟ್ಯೂಬಿನಲ್ಲಿ ಗೆದ್ದರೂ ಇಲಿಯಲ್ಲಿ ಸೋತಿತು, ದೇಹ ಅದನ್ನು ಬೇಗ ಒಡೆಯಿತು. ಅಣುವಿನ ಒಂದು ತುದಿಯ ನ್ಯಾಫ್ತಿಲ್ ಗುಂಪು ತೆಗೆದು ಫ್ಲೋರಿನ್ ಇರುವ ಗುಂಪು ಹಾಕುತ್ತಾ ಹೋಗಿ ಕೊನೆಗೆ ಡಿಎಸ್‌ಎಂ265 ಸಿಕ್ಕಿತು. ಲಿವರ್ ಅಣುವನ್ನು ಎಷ್ಟು ಬೇಗ ಒಡೆಯುತ್ತದೆ ಎಂದು ತೋರಿಸುವ ಲಿವರ್ ಮೈಕ್ರೋಸೋಮ್ ಪರೀಕ್ಷೆ ಬೇಗ ಮಾಡಿ ಎನ್ನುವುದು ಅದಕ್ಕೇ.

ಪೆರುವಿನ ರೋಗಿಗಳಲ್ಲಿ ಡಿಎಸ್‌ಎಂ265 ಚೆನ್ನಾಗಿ ಕೆಲಸ ಮಾಡಿತು. ಆದರೆ ಕೆಲವರಲ್ಲಿ ರೋಗ ಮರಳಿದಾಗ ಪರಾವಲಂಬಿಯ ಡಿಎಚ್‌ಒಡಿಎಚ್‌ನಲ್ಲಿ 276ನೇ ಅಮೈನೋ ಆಮ್ಲ ಸಿಸ್ಟೀನ್ ಬದಲಾಗಿತ್ತು. ನೀವೂ ಕಲ್ಚರ್‌ನಲ್ಲಿ ಕಡಿಮೆ ಡೋಸ್ ಕೊಟ್ಟು ನಿರೋಧಕ ತಳಿ ಬೆಳೆಸಿ, ಜೀನ್ ಸೀಕ್ವೆನ್ಸ್ ಮಾಡಿಸಿ. ಬದಲಾವಣೆ ಬೇಗ ಬಂದರೆ ಜೊತೆಗೆ ಕೊಡುವ ಇನ್ನೊಂದು ಔಷಧ ಹುಡುಕುವ ಕೆಲಸ ಅಂದೇ ಶುರು ಮಾಡಿ.