ಎರಡು ಸಾವಿರ ಬುಕ್‌ಮಾರ್ಕ್, ಲಾಗಿನ್ ಪುಟ ಮಾತ್ರ ಒಂದೇ: ನನ್ನ ಅನುಭವ

ಕ್ರೋಮ್‌ನ ಬುಕ್‌ಮಾರ್ಕ್‌ಗಳನ್ನು ಫೈರ್‌ಫಾಕ್ಸ್‌ಗೆ ಸಾಗಿಸುವುದು ಹತ್ತು ನಿಮಿಷದ ಕೆಲಸ ಎನ್ನುವವರು ಆಡಿಟರ್ ಕಚೇರಿಯೊಂದರ ಬುಕ್‌ಮಾರ್ಕ್‌ಗಳನ್ನು ಓದಿ ನೋಡಿಲ್ಲ. ನಾನು ಓದಿದ್ದೇನೆ, ಸಾಲು ಸಾಲಾಗಿ.

ದಾವಣಗೆರೆಯ ಆ ಕಚೇರಿಯಲ್ಲಿ ಐದಾರು ಕಂಪ್ಯೂಟರ್‌ಗಳು, ಎಲ್ಲವೂ ವಿಂಡೋಸ್ 7. ವಿಂಡೋಸ್ 7ಕ್ಕೆ ಹೊಸ ಕ್ರೋಮ್ ಬರುವುದು ನಿಂತದ್ದರಿಂದ 2023ರ ಆರಂಭದಿಂದ ಕ್ರೋಮ್ 109ರಲ್ಲೇ ನಿಂತುಹೋಗಿದ್ದವು. ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಮಾತ್ರ ಫೈರ್‌ಫಾಕ್ಸ್ 115 ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ) ಆವೃತ್ತಿಗೆ ಭದ್ರತಾ ಅಪ್‌ಡೇಟ್ ಕೊಡುತ್ತ, ಗಡುವನ್ನು ಮತ್ತೆ ಮತ್ತೆ ಮುಂದೂಡುತ್ತ ಬಂತು. ವಿಂಡೋಸ್ 7 ಇಟ್ಟುಕೊಳ್ಳುವುದೇ ಅಪಾಯ ಎಂದು ನನಗೆ ಹೇಳಬೇಡಿ, ಅವರಿಗೆ ನಾನೂ ಹೇಳಿದ್ದೆ. ಹೊಸ ಯಂತ್ರಗಳಿಗೆ ಎರಡೂವರೆ ಲಕ್ಷದ ಆಸುಪಾಸಿನಲ್ಲಿ ಕೊಟೇಶನ್ ಬಂದಿತ್ತು. "ಈ ವರ್ಷ ಆಗುವುದಿಲ್ಲ, ಇದರಲ್ಲೇ ಏನಾದರೂ ಮಾಡಿ. ಆದರೆ ಒಂದು ಪಾರ್ಟಿಯ ಹೆಸರು ಹೋದರೂ ದುಡ್ಡು ಕೇಳಬೇಡಿ" ಎಂದರು ಆಡಿಟರ್ ಸಾಹೇಬರು.

ಪಾರ್ಟಿ ಎಂದರೆ ಕಚೇರಿಯ ಗಿರಾಕಿ. ಪಾರ್ಟಿಯ ಹೆಸರು ಎಂದರೇಕೆ ಎಂಬುದೇ ಇಲ್ಲಿನ ವಿಷಯ. ಅಲ್ಲಿನ ಹಿರಿಯ ಗುಮಾಸ್ತೆ ಜಿಎಸ್‌ಟಿ ಲಾಗಿನ್ ಪುಟವನ್ನು ಪಾರ್ಟಿಗೊಂದರಂತೆ ಉಳಿಸಿ, ಪ್ರತಿಯೊಂದರ ಹೆಸರನ್ನೂ ತಿದ್ದಿಟ್ಟಿದ್ದರು. ಒಂದು ಹೀಗಿತ್ತು (3ಬಿ ಎಂದರೆ ಜಿಎಸ್‌ಟಿಯ ಒಂದು ರಿಟರ್ನ್): "ಅಕ್ಕಿ ಗಿರಣಿ, 3ಬಿ 20ನೇ ತಾರೀಕು, ಒಟಿಪಿ ಮಗನ ಫೋನಿಗೆ, ಬೆಳಿಗ್ಗೆ ಎತ್ತುವುದಿಲ್ಲ". ಇನ್ನೊಂದು: "ಹಾರ್ಡ್‌ವೇರ್ ಅಂಗಡಿ, ಹಳೆ ಬಾಕಿ ಕೇಳಿ ಆಮೇಲೆ ಫೈಲ್ ಮಾಡಿ". ವಿಳಾಸ ಒಂದೇ, ಹೆಸರು ನೂರಾರು. ಕಚೇರಿಯ ಅರ್ಧ ನೆನಪು ಆ ಹೆಸರುಗಳಲ್ಲೇ ಇತ್ತು.

ನನಗಿಂತ ಮೊದಲು ಬಂದಿದ್ದ ಒಬ್ಬರು ಎಲ್ಲ ಯಂತ್ರಗಳಿಗೂ ಒಂದೇ ಖಾತೆ ಹಾಕಿ ಸಿಂಕ್ ಮಾಡಿದ್ದರು, ಅಂದರೆ ಒಂದರಲ್ಲಿ ಆದ ಬದಲಾವಣೆ ತಾನಾಗಿ ಎಲ್ಲದಕ್ಕೂ ಹೋಗುವಂತೆ. ಎಲ್ಲರ ಪಟ್ಟಿಗಳೂ ಒಂದರೊಳಗೊಂದು ಬೆರೆತು ಎರಡು ಸಾವಿರ ಮುಟ್ಟಿತು. ಅದನ್ನು ಕಡಿಮೆ ಮಾಡಲು ನಕಲು ಅಳಿಸುವ ಎಕ್ಸ್‌ಟೆನ್ಶನ್ ಓಡಿಸಿದರಂತೆ. ಅದು ನೋಡುವುದು ವಿಳಾಸವನ್ನು ಮಾತ್ರ. ಜಿಎಸ್‌ಟಿ ಲಾಗಿನ್ ಒಂದೇ ಒಂದು ಉಳಿಯಿತು, ಮಿಕ್ಕ ಪಾರ್ಟಿಗಳೆಲ್ಲ ಮಾಯ. ಸಿಂಕ್ ಆ ಅಳಿಸುವಿಕೆಯನ್ನೂ ನಿಷ್ಠೆಯಿಂದ ಉಳಿದ ಯಂತ್ರಗಳಿಗೆ ತಲುಪಿಸಿತು.

ಒಂದು ಕಂಪ್ಯೂಟರ್‌ನ ಪವರ್ ಸಪ್ಲೈ ಕೆಟ್ಟು ಆ ವಾರ ಮೂಲೆಯಲ್ಲಿತ್ತು. ಸಪ್ಲೈ ಬದಲಿಸಿದೆ (ಏಳೆಂಟು ನೂರು ರೂಪಾಯಿ, ಬಿಲ್ಲಿನಲ್ಲಿ ಬೇರೆಯಾಗಿ ಬರೆದೆ). ಸ್ವಿಚ್ ಒತ್ತುವ ಮೊದಲು ನೆಟ್‌ವರ್ಕ್ ಕೇಬಲ್ ಕಿತ್ತೆ. ಕ್ರೋಮ್ ತೆರೆಯದೆ, ಯೂಸರ್ ಡೇಟಾ ಒಳಗಿನ ಡಿಫಾಲ್ಟ್ ಫೋಲ್ಡರ್‌ನಿಂದ 'ಬುಕ್‌ಮಾರ್ಕ್ಸ್' ಎಂಬ ಬಾಲವಿಲ್ಲದ (ಹೆಸರಿನ ಕೊನೆಗೆ .txt ಥರದ್ದೇನೂ ಇಲ್ಲದ) ಫೈಲನ್ನು ಪೆನ್‌ಡ್ರೈವ್‌ಗೆ ಎತ್ತಿಕೊಂಡೆ. ಕ್ರೋಮ್ ತೆರೆದಿರುವಾಗ ಆ ಫೈಲಿನ ಗೊಡವೆಗೆ ಹೋಗಬೇಡಿ, ಅದು ತನ್ನ ನೆನಪಿನಲ್ಲಿರುವುದನ್ನೇ ಮತ್ತೆ ಬರೆಯುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಂಕ್ ಇಲ್ಲದ ಹೊಸ ಪ್ರೊಫೈಲ್ ಮಾಡಿ ಅದರೊಳಗಿಟ್ಟು ತೆರೆದರೆ, ಎಲ್ಲ ಹೆಸರುಗಳೂ ಕನ್ನಡದ ಸಮೇತ ಇದ್ದವು.

ಮುಂದೆ ಎಚ್‌ಟಿಎಂಎಲ್ ಎಕ್ಸ್‌ಪೋರ್ಟ್, ಅಂದರೆ ಬುಕ್‌ಮಾರ್ಕ್‌ಗಳನ್ನೆಲ್ಲ ಒಂದು ಪಠ್ಯದ ಫೈಲಾಗಿ ಹೊರತೆಗೆಯುವುದು. ಆದರೆ ಅದನ್ನು ಹಾಗೇ ಫೈರ್‌ಫಾಕ್ಸ್‌ಗೆ ತುರುಕಬಾರದು ಎಂಬುದು ನನ್ನ ಹಟ. ಬ್ರೌಸರ್ ಒಳಗೆ ಕೂತು ಒಂದೊಂದನ್ನೇ ಅಳಿಸುವುದಕ್ಕಿಂತ ಹೊರಗೆ ಪಠ್ಯವಾಗಿರುವಾಗಲೇ ತೊಳೆಯುವುದು ಲೇಸು. ಮೊದಲು ಐಕಾನ್ ದತ್ತಾಂಶ ಕಿತ್ತುಹಾಕಿದೆ. ಪ್ರತಿ ಸಾಲಿನಲ್ಲೂ ಚಿತ್ರವನ್ನು ಅಕ್ಷರಗಳ ಕಂತೆಯಾಗಿ ತುಂಬಿರುತ್ತದಲ್ಲ, ಅದು. ಎರಡೂವರೆ ಎಂಬಿ ಇದ್ದ ಫೈಲ್ ನಾನೂರು ಕೆಬಿಗೆ ಇಳಿಯಿತು, ಆಮೇಲೆ ಕಣ್ಣಿಗೆ ಏನಾದರೂ ಕಾಣಿಸಿತು. ಹಳೆಯ ನೋಟ್‌ಪ್ಯಾಡ್‌ನಲ್ಲಿ ಆನ್ಸಿ ಎಂಬ ಹಳೆಯ ಅಕ್ಷರ ಸಂಕೇತದಲ್ಲಿ ಉಳಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ, ಕನ್ನಡವನ್ನೂ ಹಿಡಿಯುವ ಯುಟಿಎಫ್-8 ಬಿಡಬೇಡಿ.

ನಂತರ ಎಲ್ಲವನ್ನೂ ಎಕ್ಸೆಲ್‌ಗೆ ತಂದೆ. ಸೇರಿಸಿದ ದಿನಾಂಕ 1970ರಿಂದ ಎಣಿಸಿದ ಸೆಕೆಂಡುಗಳಲ್ಲಿರುತ್ತದೆ. 86400ರಿಂದ ಭಾಗಿಸಿ 25569 ಕೂಡಿಸಿದರೆ ಎಕ್ಸೆಲ್ ದಿನಾಂಕ. ಕುತೂಹಲಕ್ಕೆ ಕ್ರೋಮ್‌ನ ಮೂಲ ಫೈಲನ್ನೂ ಹೀಗೇ ಓದಲು ಹೋದರೆ ಇಸವಿ ಎಲ್ಲೋ ಹಾರಿಹೋಗಿತ್ತು. ಅದು 1601ರಿಂದ, ಅದೂ ಮೈಕ್ರೋಸೆಕೆಂಡುಗಳಲ್ಲಿ ಎಣಿಸುತ್ತದೆ. ಹತ್ತು ಲಕ್ಷದಿಂದ ಭಾಗಿಸಿ, ಮತ್ತೆ 86400ರಿಂದ ಭಾಗಿಸಿ, 109205 ಕಳೆದರೆ ಸರಿಬರುತ್ತದೆ. ಒಂದು ಸಂಜೆ ಇದಕ್ಕೇ ಹೋಯಿತು, ಬಿಲ್ಲಿಗೆ ಹಾಕಲಾಗಲಿಲ್ಲ.

ದಿನಾಂಕದಿಂದ ಉಪಯೋಗವಾಯಿತು. 2017ರ ಜುಲೈಗಿಂತ ಹಿಂದಿನ, ಅಂದರೆ ಜಿಎಸ್‌ಟಿ ಬರುವ ಮುಂಚಿನ ವ್ಯಾಟ್ ತೆರಿಗೆಯ ಲಿಂಕ್‌ಗಳನ್ನು ಒಂದು 'ಹಳೆಯದು' ಫೋಲ್ಡರ್‌ಗೆ ತಳ್ಳಿದೆ. ಆದಾಯ ತೆರಿಗೆಯ ಇ-ಫೈಲಿಂಗ್ 2021ರ ಜೂನ್‌ನಲ್ಲಿ ಹೊಸ ವಿಳಾಸಕ್ಕೆ ಹೋಯಿತಲ್ಲ, ಅದಕ್ಕಿಂತ ಹಿಂದಿನವುಗಳಲ್ಲಿ ಹೆಸರು ಉಳಿಸಿಕೊಂಡು ವಿಳಾಸ ಮಾತ್ರ ಬದಲಿಸಿದೆ. ನಕಲು ತೆಗೆಯುವಾಗ ನಿಯಮ ಒಂದೇ: ಹೆಸರು ಮತ್ತು ವಿಳಾಸ ಎರಡೂ ಒಂದೇ ಆಗಿದ್ದರೆ ಮಾತ್ರ ಅಳಿಸು. ಎರಡು ಸಾವಿರ ಸುಮಾರು ಸಾವಿರದ ನೂರಕ್ಕೆ ಬಂತು, ಒಂದು ಪಾರ್ಟಿಯೂ ಹೋಗಲಿಲ್ಲ. ಎಕ್ಸೆಲ್‌ನಿಂದ ಮರಳಿ ಫೋಲ್ಡರ್‌ಗಳ ಸಮೇತ ಎಚ್‌ಟಿಎಂಎಲ್ ಕಟ್ಟುವ ಸೂತ್ರವನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಫೈರ್‌ಫಾಕ್ಸ್‌ಗೆ ಇಂಪೋರ್ಟ್ ಮಾಡಿದಾಗ ಕ್ರೋಮ್‌ನ ಪಟ್ಟಿ ಟೂಲ್‌ಬಾರ್‌ಗೆ ಬರದೆ ಮೆನುವಿನೊಳಗೆ ಒಂದು ಫೋಲ್ಡರ್ ಆಗಿ ಅಡಗಿ ಕೂರುತ್ತದೆ. ಅದನ್ನು ಹೊರಗೆ ಎಳೆದು ಟೂಲ್‌ಬಾರ್‌ಗೆ ಹಾಕಿ, ಒಂದು ಯಂತ್ರವನ್ನು ಗುಮಾಸ್ತೆಯವರ ಎದುರಿಗೇ ಪೂರ್ತಿ ಒಪ್ಪವಾಗಿಸಿದೆ. ಆಮೇಲೆ ಜೇಸನ್ ಬ್ಯಾಕಪ್ (ಫೈರ್‌ಫಾಕ್ಸ್ ತನ್ನ ಬುಕ್‌ಮಾರ್ಕ್‌ಗಳನ್ನೆಲ್ಲ ಒಂದು ಫೈಲಿಗೆ ಇಳಿಸುವ ಬಗೆ), ಉಳಿದ ಯಂತ್ರಗಳಲ್ಲಿ ರಿಸ್ಟೋರ್. ರಿಸ್ಟೋರ್ ಎಂದರೆ ಇದ್ದದ್ದನ್ನು ಅಳಿಸಿ ಕೂರುವುದು, ಇಂಪೋರ್ಟ್ ಎಂದರೆ ಇದ್ದದ್ದರ ಮೇಲೆ ಪೇರಿಸುವುದು. ಹಾಗಾಗಿ ಮೊದಲು ರಿಸ್ಟೋರ್, ಆಮೇಲೆ ಆಯಾ ಮೇಜಿನವರು ಈಚೆಗೆ ಉಳಿಸಿದ್ದನ್ನು ಇಂಪೋರ್ಟ್. ತಿರುವುಮುರುವಾದರೆ ಅವರ ಸ್ವಂತದ್ದು ಹೋಯಿತೆಂದೇ ಲೆಕ್ಕ.

ಮಧ್ಯೆ ಫೈರ್‌ಫಾಕ್ಸ್‌ನ ಟ್ಯಾಗ್‌ಗಳನ್ನೂ, ಅಂದರೆ ಬುಕ್‌ಮಾರ್ಕ್‌ಗೆ ಅಂಟಿಸುವ ಗುರುತಿನ ಚೀಟಿಗಳನ್ನೂ, ಪರೀಕ್ಷಿಸಿದೆ. ಒಂದು ಪಾರ್ಟಿಗೆ '11ನೇ ತಾರೀಕು' ಎಂದು ಅಂಟಿಸಿದರೆ ಜಿಎಸ್‌ಟಿ ಲಾಗಿನ್‌ನ ಎಲ್ಲ ಪಾರ್ಟಿಗಳಿಗೂ ಅಂಟಿತು. ಅಲ್ಲಿ ಟ್ಯಾಗ್ ಸೇರುವುದು ವಿಳಾಸಕ್ಕೆ, ಬುಕ್‌ಮಾರ್ಕ್‌ಗೆ ಅಲ್ಲ. ವಿಳಾಸದ ಕೊನೆಗೆ # ಹಾಕಿ ಪಾರ್ಟಿಯ ಸಂಕ್ಷಿಪ್ತ ಹೆಸರು ಸೇರಿಸಿದರೆ ಪ್ರತಿಯೊಂದೂ ಬೇರೆ ವಿಳಾಸವೆಂದು ಬ್ರೌಸರ್ ನಂಬುತ್ತದೆ, # ಆಚೆಗಿನದು ಸರ್ವರ್‌ಗೆ ಹೋಗುವುದೇ ಇಲ್ಲ. ಕೆಲವು ತಾಣಗಳು # ಅನ್ನು ತಮ್ಮ ಪುಟಗಳಿಗೇ ಬಳಸುವುದರಿಂದ ಅಲ್ಲಿ ನಡೆಯದು. ಎಲ್ಲಿ ನಡೆಯುತ್ತದೆ ಎಂಬ ಪಟ್ಟಿ ನನ್ನ ಬಳಿ ಇದೆ.

"ಲಿಂಕ್ ಒಂದೇ ಆದಮೇಲೆ ಇಷ್ಟು ಕಷ್ಟ ಯಾಕಣ್ಣಾ?" ಎಂದು ನಗುತ್ತಿದ್ದ ಪಕ್ಕದ ಅಂಗಡಿಯ ಹುಡುಗ ಈಗ ತನ್ನ ಗಿರಾಕಿಗಳನ್ನು ನನ್ನ ಬಳಿಗೆ ಕಳಿಸುತ್ತಾನೆ. ನಾನು ಕೇಳಿದ್ದು ನಾಲ್ಕೂವರೆ ಸಾವಿರ, ಸಾಹೇಬರು ಐನೂರು ಮುರಿದುಕೊಂಡು ಕೊಟ್ಟರು. ಮರುವಾರವೇ ಅವರದು ಇನ್ನೊಂದು ಬೇಡಿಕೆ: ಎಲ್ಲ ಪಾರ್ಟಿಗಳೂ ತಮ್ಮ ಮೊಬೈಲ್‌ನಲ್ಲೂ ಕಾಣಬೇಕಂತೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಎಚ್‌ಟಿಎಂಎಲ್ ಇಂಪೋರ್ಟ್ ಎಂಬುದೇ ಇಲ್ಲ, ಮತ್ತೆ ಸಿಂಕ್‌ನ ಬಾಗಿಲನ್ನೇ ತಟ್ಟಬೇಕು. ಅದಕ್ಕೆ ದರ ಬೇರೆ ಎಂದು ಹೇಳಿ ಬಂದಿದ್ದೇನೆ.